ಚೀಟಿ ತಿರುವಿ ನೋಡ್ರಿ: ಮಾಡಿದ ತಪ್ಪು ಬಾಯಿಬಿಟ್ಟು ಒಪ್ಪಿಕೊಳ್ಳೂದು ಹೆಂಗ, ಒಂದೊಂದು ಹೆಜ್ಜಿ

ನಾ ಗದಗ-ಬೆಟಗೇರಿಯಾಂವ. ಎಪಿಎಂಸಿ ಯಾರ್ಡಿನ್ಯಾಗ ಒಂದು ದಲಾಲಿ ಅಂಗಡ್ಯಾಗ ಹನ್ನೊಂದು ವರ್ಷದಿಂದ ಲೆಕ್ಕ ಬರೀತೀನಿ. ನಮ್ಮ ಬೆಟಗೇರಿಗೆ ಬಾಸೆಲ್ ಮಿಶನ್ ಅನ್ನೂ ಕ್ರೈಸ್ತ ಮಿಶನರಿ ಸಂಸ್ಥೆಯವರು ಬಂದದ್ದು 1841ರಾಗ, ನಮ್ಮ ಮನಿತನ ಅಷ್ಟು ಹಳೇದಲ್ಲ, ಆದ್ರೂ ಮುತ್ತಜ್ಜನ ಕಾಲದಿಂದ ಚರ್ಚಿಗೆ ಹೋಗೂ ಮನಿತನ, ಪಾಪ, ಪಶ್ಚಾತ್ತಾಪ, ಕ್ಷಮಾ ಅನ್ನೂ ಮಾತು ಸಣ್ಣಾಂವ ಇದ್ದಾಗಿಂದ ಕೇಳಿಕೋತ ಬೆಳದಾಂವ. ಇಷ್ಟೆಲ್ಲಾ ಇದ್ದೂ ನಾ ಮಾಡಿದ ಒಂದು ತಪ್ಪನ್ನ ನಾಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತ ಗೊತ್ತಿತ್ತು, ಹೆಂಗ ಹೇಳಬೇಕು ಅನ್ನೂದು ಗೊತ್ತಿರಲಿಲ್ಲ. ‘ತಪ್ಪು ಒಪ್ಪಿಕೋ’ ಅಂತ ಪ್ರಸಂಗದೊಳಗ ಎಲ್ಲಾರೂ ಹೇಳ್ತಾರ, ಮೊದಲು ಯಾರ ಮನಿಗೆ ಹೋಗಬೇಕು, ಬಾಯಿ ತಗದಾಗ ಮೊದಲನೇ ಮಾತು ಏನಿರಬೇಕು, ರೊಕ್ಕದ ವಿಷಯ ಇದ್ರ ಎಷ್ಟು ಕೊಡಬೇಕು ಅನ್ನೂದು ಯಾರೂ ಬಿಡಿಸಿ ಹೇಳೂದಿಲ್ಲ. ಅದಕ್ಕ ಇದನ್ನ ಬರೀಲಿಕ್ಕತ್ತೀನಿ.

ನಡದದ್ದು ಏನಂದ್ರ, ಹೆಸರು ಕಾಳಿನ ಸುಗ್ಗಿ ಟೈಮಿನ್ಯಾಗ ಮುಂಡರಗಿ ಕಡೆ ಹಳ್ಳಿಯ ಒಬ್ಬ ವಯಸ್ಸಾದ ರೈತರು 27 ಚೀಲ ಹೆಸರು ತಂದಿದ್ರು, ತೂಕದ ಚೀಟಿ ಮ್ಯಾಲ 25 ಸಾಲು ಮುಂದಿನ ಬದಿಗೆ ಹಿಡದು ಉಳದ ಎರಡು ಸಾಲು ಹಿಂದಿನ ಬದಿಗೆ ಬರದಿದ್ರು, ನಾ ಚೀಟಿ ತಿರುವಲೇ ಇಲ್ಲ, 25 ಚೀಲಕ್ಕ ಪಟ್ಟಿ ಮಾಡಿ ರೊಕ್ಕ ಕೊಟ್ಟು ಕಳಿಸಿಬಿಟ್ಟೆ. ಬಿಟ್ಟುಹೋದ ಎರಡು ಚೀಲ ಅಂದ್ರ ಒಂದು ಕ್ವಿಂಟಲ್ ಮಾಲು, ಅವತ್ತಿನ ರೇಟಿಗೆ 6,100 ರೂಪಾಯಿ. ವಾರ ಬಿಟ್ಟು ಅವರು ಬಂದು ‘ಮನ್ಯಾಗ ಎಣಿಸಿ 27 ಹೇರಿದ್ದೆ’ ಅಂದ್ರು. ಸಾಹುಕಾರ್ರು ನನ್ನ ಕಡೆ ನೋಡಿದ್ರು. ನಾ ಚೀಟಿ ತಗದು ನೋಡದನ ‘ಲೆಕ್ಕ ಬರೋಬ್ಬರಿ ಐತ್ರಿ, ಹಮಾಲರು ಇಳಿಸೂಮುಂದ ಏನರ ಹೆಚ್ಚು ಕಡಿಮಿ ಆಗಿರಬೇಕು’ ಅಂದೆ. ಎರಡು ದಿನ ಆದಮ್ಯಾಲ ಚೀಟಿ ಫೈಲಿಗೆ ಹಚ್ಚೂಮುಂದ ಹಿಂದಿನ ಎರಡು ಸಾಲು ಕಂಡವು. ಆವಾಗ ಸುಮ್ಮನ ಫೈಲಿಗೆ ಹಚ್ಚಿದೆ. ಖರೀದಿದಾರರಿಂದ 27 ಚೀಲದ ರೊಕ್ಕ ಬಂದಿತ್ತು, ಹೆಚ್ಚಿನ 6,100 ಅಂಗಡಿ ಲೆಕ್ಕದಾಗ ಲೆಕ್ಕಕ್ಕ ಸಿಗದ ರೊಕ್ಕ ಅಂತ ಕೂತಿತ್ತು, ನಾ ಒಂದು ರೂಪಾಯಿ ಕಿಸೇದಾಗ ಹಾಕ್ಕೊಂಡಿರಲಿಲ್ಲ, ಅದ ಮಾತು ಹೇಳಿಕೋತ ನನಗ ನಾನ ಸಮಾಧಾನ ಮಾಡಿಕೊಂಡೆ. ಅವತ್ತು ಮಾಲು ಇಳಿಸಿದ ಹಮಾಲಣ್ಣನ್ನ ಮಾತ್ರ ನಮ್ಮ ಅಂಗಡಿಗೆ ಕರಿಯೂದು ಬಿಟ್ರು.

ಮೊದಲನೇ ಹೆಜ್ಜಿ: ಹಾಳಿ ತಗೊಂಡು ಬರೀರಿ

ತಲ್ಯಾಗ ಇಟ್ಟುಕೊಂಡು ವಿಚಾರ ಮಾಡಿದ್ರ ತಪ್ಪು ದಿನಾ ಒಂದೊಂದು ಆಕಾರ ತಗೊಂತೈತಿ, ಒಂದಿನ ಗುಡ್ಡದಷ್ಟು, ಮರುದಿನ ಏನೂ ಅಲ್ಲ ಅನ್ನೂವಷ್ಟು. ಅದಕ್ಕ ಬರೀರಿ. ಮೂರು ಪ್ರಶ್ನೆ ಸಾಕು. ಏನು ಮಾಡಿದೆ? ಗೊತ್ತಾದಮ್ಯಾಲ ಏನು ಮಾಡಿದೆ? ಯಾರಿಗೆ ಪೆಟ್ಟು ಬಿತ್ತು?

ಎರಡನೇ ಪ್ರಶ್ನೆನ ಎಲ್ಲಕ್ಕಿಂತ ಬಿರುಸು. ನಾ ಬರಕೊಂಡಾಗ ಮೊದಲನೇದಕ್ಕ ಒಂದ ಸಾಲು ಬಂತು, ಚೀಟಿ ತಿರುವಲಿಲ್ಲ ಅಂತ. ಎರಡನೇದಕ್ಕ ಹಾಳಿ ತುಂಬಿತು. ನೋಡದನ ಉತ್ತರ ಕೊಟ್ಟೆ, ಹಮಾಲರ ಮ್ಯಾಲ ಹಾಕಿದೆ, ಗೊತ್ತಾದ್ರೂ ಫೈಲಿಗೆ ಹಚ್ಚಿದೆ, ಆ ರೈತರು ಯಾರ್ಡಿನ್ಯಾಗ ಕಂಡಾಗ ಬ್ಯಾರೆ ಕಡೆ ಹಾಯ್ದು ಹೋದೆ. ಕಣ್ಣು ತಪ್ಪಿ ಆಗಿದ್ದು ಎರಡು ನಿಮಿಷದ ಕೆಲಸ, ಉಳದಿದ್ದೆಲ್ಲಾ ನಾ ಎಚ್ಚರದಾಗ ಮಾಡಿದ್ದು. ಬೈಬಲ್ಲಿನ ಕೀರ್ತನೆ 32ರಾಗ ದಾವೀದ ರಾಜ ಇದನ್ನ ಹೇಳ್ತಾನ, ಬಾಯಿ ಮುಚ್ಚಿಕೊಂಡಿದ್ದಾಗ ಎಲುಬು ಸವದು ಹೋದಂಗಾತು, ಬ್ಯಾಸಿಗಿ ಬಿಸಲಿಗೆ ಒಣಗಿದಂಗ ಮೈಯಾಗಿನ ಕಸುವು ಬತ್ತಿ ಹೋತು ಅಂತ. ನನಗ ನಿದ್ದಿ ಹತ್ತತಿರಲಿಲ್ಲ, ಆ್ಯಸಿಡಿಟಿ ಅಂತ ಗುಳಿಗಿ ತಗೊಂತಿದ್ದೆ.

ಇಲ್ಲೇ ಇನ್ನೊಂದು ಮಾತು, ಕೆಲವ್ರು ತಮ್ಮದಲ್ಲದ ತಪ್ಪಿಗೂ ‘ನಂದ ತಪ್ಪು’ ಅಂದು ಬಿಡ್ತಾರ, ಅದರಾಗೂ ಮನ್ಯಾಗ ದಬ್ಬಾಳಿಕಿ ಅನುಭವಿಸಿದ ಹೆಣ್ಮಕ್ಕಳು. ಮೂರೂ ಪ್ರಶ್ನೆಗೆ ಉತ್ತರ ಬರದಾಗ ನೀವು ಮಾಡಿದ್ದು ಅಂತ ಏನೂ ಸಿಗಲಿಲ್ಲ ಅಂದ್ರ ಹಾಳಿ ಹರದು ಒಗೀರಿ, ಸುಳ್ಳು ತಪ್ಪು ಹೊತ್ತುಕೊಳ್ಳೂದೂ ಸುಳ್ಳ.

ಎರಡನೇ ಹೆಜ್ಜಿ: ಮೊದಲು ದೇವರ ಮುಂದ, ಆದ್ರ ಅಲ್ಲೇ ಕೂಡಬ್ಯಾಡ್ರಿ

1 ಯೋಹಾನ 1:9 ನಮಗೆಲ್ಲಾ ಬಾಯಿಪಾಠ, ನಾವು ಪಾಪ ಅರಿಕೆ ಮಾಡಿದ್ರ ಆತ ನಂಬಿಗಸ್ತ, ಕ್ಷಮಿಸ್ತಾನ. ಅಲ್ಲಿ ‘ಅರಿಕೆ ಮಾಡು’ ಅಂತ ಇರೂದಕ್ಕ ಗ್ರೀಕಿನ್ಯಾಗ ‘ಹೊಮೊಲೊಗೆಯೋ’ ಅಂತ ಶಬ್ದ, ಅದರ ಮೂಲ ಅರ್ಥ ‘ಅದ ಮಾತು ಹೇಳೂದು’. ಅಂದ್ರ ನನ್ನ ಕೆಲಸಕ್ಕ ದೇವ್ರು ಏನು ಹೆಸರಿಡ್ತಾನೋ ನಾನೂ ಅದ ಹೆಸರಿಡಬೇಕು, ಆತ ‘ಸುಳ್ಳು’ ಅಂದ್ರ ನಾ ‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಅನ್ನಬಾರ್ದು. ನಮ್ಮ ಕನ್ನಡದ ‘ಅರಿಕೆ’ನೂ ಚಂದ ಐತಿ, ಅರಿ ಅಂದ್ರ ತಿಳಿ, ಅರಿಕೆ ಮಾಡೂದು ಅಂದ್ರ ತಿಳಿಯೂಹಂಗ ಮಾಡೂದು. ಪ್ರಾರ್ಥನಾ ಮಾಡೂಮುಂದ ಹಾಳಿ ಮುಂದಿಟ್ಟುಕೊಂಡು ಒಂದೊಂದು ಸಾಲು ಓದಿ ಹೇಳ್ರಿ. ಮಾತು ಹೊರಡಲಿಲ್ಲ ಅಂದ್ರ ಕೀರ್ತನೆ 51 ಓದ್ರಿ, ಅದು ಪ್ರವಾದಿ ನಾತಾನ ಬಂದು ತಪ್ಪು ಎತ್ತಿ ಹೇಳಿದಮ್ಯಾಲ ದಾವೀದ ಮಾಡಿದ ಪ್ರಾರ್ಥನಾ ಅಂತ ಅದರ ತಲೆಬರಹದಾಗನ ಐತಿ.

ನಾ ಎಡವಿದ್ದು ಇದರ ಮುಂದ. ನಮ್ಮ ಆರಾಧನ್ಯಾಗ ಪ್ರತಿ ಭಾನುವಾರ ಎಲ್ಲಾರೂ ಕೂಡಿ ಪಾಪ ಅರಿಕೆ ಮಾಡ್ತೀವಿ, ನಾಕು ತಿಂಗಳು ನಾನೂ ದೊಡ್ಡ ಧ್ವನಿಲೇ ಹೇಳಿದೆ, ಯೋಚನೆಯಿಂದ, ಮಾತಿನಿಂದ, ಕೃತ್ಯದಿಂದ ಅಂತ. ಹೊರಗ ಬಂದಮ್ಯಾಲ ಒಂದು ತಾಸು ಹಗುರ ಅನಸ್ತಿತ್ತು, ಸೋಮವಾರ ಅಂಗಡಿ ಬಾಗಲಾ ತಗದ ಕೂಡಲೇ ಆ ಫೈಲು ಕಾಣ್ತಿತ್ತು. ಕಥೋಲಿಕ ಗೆಳೆಯಾರ ಕಡೆ ಗುರುಗಳ ಹತ್ರ ಹೋಗಿ ಪಾಪನಿವೇದನೆ ಮಾಡೂ ಪದ್ಧತಿ ಐತಿ, ಕೇಳಿದ್ದನ್ನ ಗುರುಗಳು ಯಾರಿಗೂ ಹೇಳಂಗಿಲ್ಲ, ಆದ್ರ ಅವರಲ್ಲೂ ಕದ್ದದ್ದು ತಿರುಗಿ ಕೊಡಬೇಕು, ಕೆಡಿಸಿದ ಹೆಸರು ಸರಿ ಮಾಡಬೇಕು ಅನ್ನೂದು ಬಿಟ್ಟಿಲ್ಲ.

ಮತ್ತಾಯ 5:23-24ರಾಗ ಯೇಸುಸ್ವಾಮಿ ಹೇಳಿದ್ದು ನೋಡ್ರಿ, ಕಾಣಿಕಿ ತಗೊಂಡು ಯಜ್ಞವೇದಿ ಮುಟ್ಟಿದಾಗ ನಿನ್ನ ಸಹೋದರನ ಮನಸ್ಸಿನ್ಯಾಗ ನಿನ್ನ ಮ್ಯಾಲ ಏನರ ಐತಿ ಅಂತ ನೆನಪಾದ್ರ ಕಾಣಿಕಿ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಕೂಡ ಒಂದಾಗು, ಆಮ್ಯಾಲ ಬಾ ಅಂತ. ಈ ಮಾತು ಹೇಳಿದ್ದು ಗಲಿಲಾಯದಾಗ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಾಗ, ನೂರು ಕಿಲೋಮೀಟರಕ್ಕೂ ದೂರ. ಕೇಳಲಿಕ್ಕೆ ಕೂತ ಗಲಿಲಾಯದ ಮಂದಿಗೆ ಅದು ಗದಗದಿಂದ ಹುಬ್ಬಳ್ಳಿಗೆ ನಡಕೋತ ಹೋಗಿ, ಅಲ್ಲಿ ನೆನಪಾಗಿ, ಕುರಿ ಅಲ್ಲೇ ಬಿಟ್ಟು ನಡಕೋತ ತಿರುಗಿ ಬಂದಷ್ಟು, ಅದಕ್ಕೂ ಜಾಸ್ತಿನ. ನನಗ ಮುಂಡರಗಿ ಬಸ್ಸು ಹತ್ತಲಿಕ್ಕೆ ನಾಕು ತಿಂಗಳು ಬೇಕಾತು.

ಮೂರನೇ ಹೆಜ್ಜಿ: ಮಾತು ತಯಾರು ಮಾಡಿಕೊಳ್ರಿ, ‘ಆತು’ ತಗದು ‘ಮಾಡಿದೆ’ ಹಾಕ್ರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ರಿ, ಯಾಕಂದ್ರ ನಮ್ಮ ಭಾಷಾ ನಮ್ಮನ್ನ ಭಾಳ ಸಲೀಸಾಗಿ ಪಾರು ಮಾಡ್ತೈತಿ. ನಾವು ‘ತಪ್ಪಾತ್ರಿ’ ಅಂತೀವಿ. ‘ಹೆಚ್ಚು ಕಡಿಮಿ ಆತು’, ‘ಬಾಯಾಗಿಂದ ಬಂದ್ಬಿಡ್ತು’, ‘ಕೈ ತಪ್ಪಿ ಹೋತು’. ಮಾಡಿದಾಂವ ಯಾರು ಅನ್ನೂದು ಆ ಮಾತಿನ್ಯಾಗ ಇಲ್ಲವೇ ಇಲ್ಲ, ಮಳಿ ಆದಂಗ ತಪ್ಪೂ ತನ್ನಷ್ಟಕ್ಕ ತಾನ ಆಗಿಬಿಟ್ಟೈತಿ.

ವಿಮೋಚನಕಾಂಡ 32ರಾಗ ಮೋಶೆಯ ಅಣ್ಣ ಆರೋನ ಇದನ್ನ ಮಾಡ್ಯಾನ. ಮಂದಿ ಕಡೆಯಿಂದ ಬಂಗಾರ ಇಸಗೊಂಡು, ತಾನ ಅಚ್ಚು ಹೊಯ್ದು ಪೂಜಿಗೆ ಬಂಗಾರದ ಕರು ಮಾಡಿದಾಂವ, ಮೋಶೆ ಬಂದು ಕೇಳಿದಾಗ ಏನಂದ, ‘ಬಂಗಾರ ಬೆಂಕ್ಯಾಗ ಹಾಕಿದೆ, ಈ ಕರು ಹೊರಗ ಬಂತು’ ಅಂದ. ಬಂತಂತ! ದೇವರ ಮಾತು ಮೀರಿದ ಸೌಲ ರಾಜನೂ ಹಂಗ, 1 ಸಮುವೇಲ 15ರಾಗ ‘ಪಾಪ ಮಾಡೀನಿ’ ಅಂದ, ಮುಂದಿನ ಮಾತಿಗೆ ‘ಮಂದಿಗೆ ಹೆದರಿದ್ದೆ’ ಅಂದ, ಅದರ ಮುಂದಿನ ಮಾತಿಗೆ ‘ಹಿರೇರ ಮುಂದ ನನ್ನ ಮರ್ಯಾದಿ ಉಳಸು’ ಅಂತ ಪ್ರವಾದಿ ಸಮುವೇಲಗ ಗಂಟು ಬಿದ್ದ. ದಾವೀದ ಮಾಡಿದ್ದು ಸೌಲನಕಿಂತ ಘೋರ, ತನ್ನ ಸೈನಿಕ ಊರೀಯನ ಹೆಂಡ್ತಿನ ತಗೊಂಡು ಊರೀಯನ್ನ ಸಾಯಿಸಿದ್ದ, ಆದ್ರ ನಾತಾನ ಬೆರಳು ಮಾಡಿ ತೋರಿಸಿದಾಗ ಆ ಅಧ್ಯಾಯದಾಗ ಅವ ಕೊಟ್ಟ ಉತ್ತರ ಒಂದ ಸಾಲು, ಯೆಹೋವನಿಗೆ ವಿರೋಧವಾಗಿ ಪಾಪ ಮಾಡೀನಿ, ಅಷ್ಟ. ಅದರ ಹಿಂದ ಒಂದು ‘ಯಾಕಂದ್ರ’ ಇಲ್ಲ.

ಹಂಗಾಗಿ ನಿಮ್ಮ ಮಾತು ಮೊದಲು ಬರಕೊಂಡು ಅದರಾಗಿನ ‘ಆತು’, ‘ಬಂತು’, ‘ಹೋತು’ ಎಲ್ಲಾ ಹೊಡದು ಹಾಕಿ ‘ನಾ ಮಾಡಿದೆ’ ಅಂತ ತಿದ್ರಿ. ‘ಆದ್ರ’ ಅನ್ನೂ ಶಬ್ದ ಇದ್ರ ಅದನ್ನೂ, ಅದರ ಹಿಂದ ಬರೂದನ್ನೂ ಹೊಡೀರಿ. ‘ನಿಮಗೇನರ ಬ್ಯಾಸರ ಆಗಿದ್ರ ಸಾರಿ’ ಅನ್ನೂದು ಬ್ಯಾಡ, ಬ್ಯಾಸರ ಆಗೇತಿ, ‘ಆಗಿದ್ರ’ ಅಂತ ಅನುಮಾನ ಯಾಕ. ಇನ್ನೊಂದು, ‘ಹೊಟ್ಟ್ಯಾಗ ಹಾಕ್ಕೋರಿ’ ಅಂತ ನಾವು ಶುರುವಿಗೇ ಅಂದು ಬಿಡ್ತೀವಿ. ಭಾಳ ಮೆತ್ತಗಿನ ಮಾತು ಅದು, ನನಗೂ ಪ್ರೀತಿ ಐತಿ, ಆದ್ರ ಏನು ಹೊಟ್ಟ್ಯಾಗ ಹಾಕ್ಕೋಬೇಕು ಅಂತ ಮೊದಲು ಅವರಿಗೆ ಪೂರ್ತಿ ತೋರಸ್ರಿ, ಆಮ್ಯಾಲ ಕೇಳ್ರಿ. ಎದುರಿನವರು ಅರ್ಧಕ್ಕ ‘ಹೋಗ್ಲಿ ಬಿಡ್ರಿ’ ಅಂದ್ರೂ ನಿಲ್ಲಸಬ್ಯಾಡ್ರಿ, ‘ಪೂರಾ ಹೇಳತೀನ್ರಿ, ಕೇಳ್ರಿ’ ಅನ್ರಿ.

ನಾ ತಯಾರು ಮಾಡಿಕೊಂಡ ಮಾತು ಇಷ್ಟು: ‘ಅಜ್ಜಾರ, ನೀವು 27 ಚೀಲ ತಂದದ್ದು ಖರೇ. ನಾ ಚೀಟಿ ಹಿಂದ ನೋಡಲಿಲ್ಲ. ನೀವು ಕೇಳಾಕ ಬಂದಾಗ ನೋಡದನ ಸುಳ್ಳು ಹೇಳಿದೆ. ಎರಡು ದಿನಕ್ಕ ನನಗ ಗೊತ್ತಾತು, ಗೊತ್ತಾದ್ರೂ ನಾಕು ತಿಂಗಳು ಮುಚ್ಚಿಟ್ಟೆ.’ ಬರದ ಮ್ಯಾಲ ನೋಡಿದ್ರ ‘ನನಗ ಗೊತ್ತಾತು’ ಅಂತ ಅಲ್ಲೂ ಒಂದು ‘ಆತು’ ಉಳದಿತ್ತು. ‘ಎರಡು ದಿನಕ್ಕ ನಾ ಕಣ್ಣಾರೆ ನೋಡಿದೆ’ ಅಂತ ತಿದ್ದಿದೆ.

ನಾಕನೇ ಹೆಜ್ಜಿ: ಯಾರ ಹತ್ರ, ಎಷ್ಟು ಮಂದಿ ಮುಂದ

ಪೆಟ್ಟು ಎಲ್ಲೀ ತನಕ ಹೋಗೈತೋ ಒಪ್ಪಿಗಿನೂ ಅಲ್ಲೀ ತನಕ ಹೋಗಬೇಕು. ಒಬ್ಬರಿಗಷ್ಟ ಗೊತ್ತಿದ್ದದ್ದನ್ನ ಸಭಾ ಮುಂದ ನಿಂತು ಹೇಳೂದು ಬೇಕಾಗಿಲ್ಲ, ಹತ್ತು ಮಂದಿ ಮುಂದ ಮರ್ಯಾದಿ ಕಳದದ್ದನ್ನ ಒಬ್ಬರ ಕಿವ್ಯಾಗ ಹೇಳಿ ಮುಗಸಲಿಕ್ಕೂ ಬರೂದಿಲ್ಲ. ವಾಟ್ಸಾಪ್ ಗ್ರೂಪಿನ್ಯಾಗ ಬೈದಿದ್ರ ಅದ ಗ್ರೂಪಿನ್ಯಾಗ ಹೇಳ್ರಿ.

ನಂದು ಮೂರು ಕಡೆ ಇತ್ತು. ಮೊದಲು ಸಾಹುಕಾರ್ರು, ಯಾಕಂದ್ರ 6,100 ಅವರ ಲೆಕ್ಕದಾಗಿತ್ತು. ಆಮ್ಯಾಲ ರೈತರು. ಆಮ್ಯಾಲ ಹಮಾಲಣ್ಣ, ಅದೂ ಮುಂಜಾನೆ ಚಾದ ಟೈಮಿನ್ಯಾಗ ಉಳದ ಹಮಾಲರೆಲ್ಲಾ ಚೀಲದ ಥಪ್ಪಿ ಮ್ಯಾಲ ಕೂತಾಗ, ಯಾಕಂದ್ರ ಅವರೆಲ್ಲಾರ ಮುಂದನ ಅವನ ಹೆಸರು ಹೋಗಿತ್ತು.

ಹೋಗೂ ಮೊದಲು ನಂಬಿಗಸ್ತ ಒಬ್ಬರಿಗೆ ಹೇಳ್ರಿ, ಸಭಾಪಾಲಕರಿರಲಿ, ಗೆಳೆಯ ಇರಲಿ, ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡ್ರಿ, ಒಬ್ಬರಿಗೊಬ್ಬರು ಪ್ರಾರ್ಥನಾ ಮಾಡ್ರಿ ಅಂತೈತಿ. ನನ್ನ ಹೆಂಡ್ತಿಗೆ ಹೇಳಿದಾಗ ಆಕಿ ಏನೂ ಅನ್ನಲಿಲ್ಲ, ಎದ್ದು ಹೋಗಿ ಬಸ್ ಚಾರ್ಜಿಗೆ ರೊಕ್ಕ ತಂದು ಕೈಯಾಗ ಇಟ್ಲು. ಒಬ್ಬನ ಕೂತು ಕೊರಗೂದು ಅಪಾಯ. ಯೇಸುಸ್ವಾಮಿನ್ನ ಹಿಡದುಕೊಟ್ಟ ಯೂದನೂ ‘ಪಾಪ ಮಾಡೀನಿ’ ಅಂದಾನ, ಮೂವತ್ತು ಬೆಳ್ಳಿ ನಾಣ್ಯ ತಿರುಗಿ ಒಯ್ದಾನ, ಆದ್ರ ಅವ ಹೋಗಿ ಹೇಳಿದ ಯಾಜಕರು ‘ಅದಕ್ಕ ನಮಗೇನು’ ಅಂದ್ರು, ಅವನ ಕೂಡ ಯಾರೂ ಇರಲಿಲ್ಲ. ನಿಮ್ಮ ಮನಸ್ಸು ಅಷ್ಟು ಕುಗ್ಗಿದ್ರ, ಜೀವ ಬ್ಯಾಡ ಅನಿಸೂಹಂಗಿದ್ರ, ಈ ಹೆಜ್ಜಿ ಎಲ್ಲಾ ಬಾಜೂಕಿಟ್ಟು ಮೊದಲು ಮನ್ಯಾವರಿಗೆ, ಡಾಕ್ಟರಿಗೆ ಹೇಳ್ರಿ.

ಎಚ್ಚರಿಕಿ ಒಂದೆರಡು. ನಿಮ್ಮ ಮನಸ್ಸು ಹಗುರ ಆಗಲಿ ಅಂತ ಎದುರಿನವರಿಗೆ ಗೊತ್ತಿಲ್ಲದ ವಿಷ ಅವರ ಮ್ಯಾಲ ಸುರೀಬ್ಯಾಡ್ರಿ, ಹತ್ತು ವರ್ಷ ಮನಸ್ಸಿನ್ಯಾಗ ನಿಮ್ಮನ್ನ ದ್ವೇಷ ಮಾಡಿದ್ದೆ ಅಂತ ಸುಮ್ಮನಿದ್ದವರಿಗೆ ಹೋಗಿ ಹೇಳೂದು ಅವರಿಗೆ ಭಾರ, ಅದು ದೇವರ ಮುಂದ ಸಾಕು. ಮತ್ತ ಮಕ್ಕಳಿಗೆ, ಹೆಂಗಸರಿಗೆ ಆದ ಅನ್ಯಾಯ ಇದ್ರ ‘ಒಪ್ಪಿಕೊಂಡಾನ, ಕ್ಷಮಿಸಿಬಿಡ್ರಿ’ ಅಂತ ಚರ್ಚಿನ ಒಳಗ ಮುಚ್ಚಿಹಾಕೂದು ಪಶ್ಚಾತ್ತಾಪ ಅಲ್ಲ. ಖರೇ ಒಪ್ಪಿಕೊಂಡಾಂವ ಪೊಲೀಸ್ ಸ್ಟೇಷನ್ನಿಗೂ ಹೋಗ್ತಾನ.

ಐದನೇ ಹೆಜ್ಜಿ: ರೊಕ್ಕದ ವಿಷಯ ಇದ್ರ ಐದನೇ ಒಂದು ಪಾಲು ಕೂಡಿಸಿ ಕೊಡ್ರಿ

ಯಾಜಕಕಾಂಡ 6ನೇ ಅಧ್ಯಾಯ ಲೆಕ್ಕದವರು ಓದಲೇಬೇಕು. ನೆರೆಯವನಿಗೆ ಮೋಸ ಮಾಡಿದಾಂವ, ಸಿಕ್ಕ ಮಾಲು ಇಲ್ಲ ಅಂದಾಂವ, ಪೂರ್ತಿ ತಿರುಗಿ ಕೊಟ್ಟು ಅದರ ಮ್ಯಾಲ ಐದನೇ ಒಂದು ಪಾಲು ಕೂಡಿಸಿ ಕೊಡಬೇಕು, ಅದೂ ಪ್ರಾಯಶ್ಚಿತ್ತದ ಬಲಿ ತರೂ ದಿನಾನ. ಅರಣ್ಯಕಾಂಡ 5ರಾಗೂ ಅದ ಲೆಕ್ಕ. ಸುಂಕ ವಸೂಲಿ ಮಾಡೂ ಜಕ್ಕಾಯ ಇದಕ್ಕೂ ಮುಂದ ಹೋದ, ಮೋಸದಿಂದ ತಗೊಂಡಿದ್ರ ನಾಕರಷ್ಟು ಕೊಡ್ತೀನಿ ಅಂದ, ಕುರಿ ಕದ್ದು ಕೊಯ್ದಾಂವಗ ಅಥವಾ ಮಾರಿದಾಂವಗ ಧರ್ಮಶಾಸ್ತ್ರ ಹಾಕಿದ ದಂಡ ಅದು, ಅಂದ್ರ ತನ್ನ ಸುಂಕದ ಕೆಲಸಕ್ಕ ಕಳ್ಳತನ ಅಂತ ತಾನ ಹೆಸರಿಟ್ಟ. ಯಾರೂ ಅವನ್ನ ಕೇಳಿರಲಿಲ್ಲ, ಯೇಸುಸ್ವಾಮಿ ಇವತ್ತು ನಿನ್ನ ಮನ್ಯಾಗ ಇಳಕೊಳ್ತೀನಿ ಅಂದಿದ್ರು, ಅಷ್ಟ.

ನನ್ನ ಲೆಕ್ಕ: 6,100ಕ್ಕ ಐದನೇ ಒಂದು ಪಾಲು 1,220. ಒಟ್ಟು 7,320. ಆರು ಸಾವಿರದ ನೂರು ಸಾಹುಕಾರ್ರು ಅಂಗಡಿಯಿಂದ ಕೊಟ್ರು, 1,220 ನಂದು. ಯೇಸು ಶಿಲುಬೆ ಮ್ಯಾಲ ನಮ್ಮ ಪಾಪಕ್ಕ ಬೆಲಿ ಕಟ್ಟಿದ್ದು ಪೂರ್ತಿ, ಈ 1,220 ಆ ಬೆಲಿಯೊಳಗಿನ ಪಾಲು ಅಲ್ಲ, ಇದು ಆ ಅಜ್ಜಾರಿಗೆ ಬರಬೇಕಾದದ್ದು. ಒಮ್ಮೆಗೆ ಕೊಡಲಿಕ್ಕೆ ಆಗದಿದ್ರ ತಾರೀಖು ಹಾಕಿ ಬರದುಕೊಟ್ಟು ಕಂತಿಲೇ ಕೊಡ್ರಿ.

ಆರನೇ ಹೆಜ್ಜಿ: ಹೇಳಿದಮ್ಯಾಲ ಬಾಯಿ ಮುಚ್ಚಿಕೊಂಡು ಕೇಳ್ರಿ

ಅಜ್ಜಾರ ಮನಿ ಕಟ್ಟಿ ಮ್ಯಾಲ ಕೂತು ಹೇಳಿದೆ. ಅವರು ರೊಕ್ಕ ಎರಡು ಸಲ ಎಣಿಸಿದ್ರು. ‘ಈ ಹನ್ನೆರಡನೂರಾ ಇಪ್ಪತ್ತು ಯಾಕ?’ ಅಂದ್ರು. ಹೇಳಿದೆ. ‘ಬಡ್ಡಿ ಅಂತ ತಿಳ್ಕೊಂತೀನಿ ಬಿಡು’ ಅಂದ್ರು, ಇಸಗೊಂಡ್ರು. ಮುಗೀತು ಅಂತ ನಾ ಏಳಬೇಕು, ಆವಾಗ ಅಂದ್ರು, ‘ರೊಕ್ಕದ್ದಲ್ಲ ತಮ್ಮಾ, ಅವತ್ತು ಅಂಗಡ್ಯಾಗ ನಾಕು ಮಂದಿ ಇದ್ರು, ಮುದುಕಗ ಎಣಿಸಾಕ ಬರೂದಿಲ್ಲ ಅಂತ ನಕ್ಕರು. ನನ್ನ ಮಗನೂ ಹಂಗ ತಿಳ್ಕೊಂಡ. ಅಲ್ಲಿಂದ ಪೇಟಿಗೆ ನನ್ನ ಕಳಸೂದ ಬಿಟ್ಟಾನ.’

ನನ್ನ ಹಾಳಿ ಮ್ಯಾಲ ಇದು ಇರಲೇ ಇಲ್ಲ. ಅದಕ್ಕ ಹೇಳೂದು, ನಿಮ್ಮ ಮಾತು ಮುಗದಮ್ಯಾಲ ‘ನನಗ ಗೊತ್ತಿಲ್ಲದಂಗ ಮತ್ತೇನರ ನೋವು ಮಾಡೀನೇನ್ರಿ’ ಅಂತ ಕೇಳ್ರಿ, ಕೇಳಿ ಸುಮ್ಮನ ಕೂಡ್ರಿ, ಸಮಜಾಯಿಷಿ ಕೊಡಬ್ಯಾಡ್ರಿ. ಮಗ ಹೊಲದಿಂದ ಬರೂತನಕ ಕೂತಿದ್ದು ಅವನ ಮುಂದ ಮತ್ತೊಮ್ಮೆ ಹೇಳಿದೆ, ನಿಮ್ಮ ಅಪ್ಪಾರ ಎಣಿಕಿ ಬರೋಬ್ಬರಿ ಇತ್ತು, ಸುಳ್ಳು ನಂದು ಅಂತ. ಅಜ್ಜಿ ಮಜ್ಜಿಗಿ ತಂದುಕೊಟ್ರು.

ಹಮಾಲಣ್ಣ ಮಜ್ಜಿಗಿ ಕೊಡಲಿಲ್ಲ. ಎಲ್ಲಾ ಕೇಳಿದ, ಕಪ್ ಕೆಳಗಿಟ್ಟ, ತಲಿಗೆ ಟವೆಲ್ ಸುತ್ತಿಕೊಂಡ, ‘ನಾಕು ತಿಂಗಳು’ ಅಂದ, ಲಾರಿ ಕಡೆ ಹೋದ. ಅವನ ಹಿಂದ ಹೋಗಿ ಕ್ಷಮಿಸು ಅಂತ ಕೈ ಹಿಡೀಬೇಕು ಅನಿಸಿತ್ತು, ಹೋಗಲಿಲ್ಲ. ಕ್ಷಮಾ ಅನ್ನೂದು ಅವನ ಕೈಯಾಗಿನ ಸಾಮಾನು, ನಾ ಕೇಳಿದ ಕೂಡಲೇ ಕೊಡಲಿ ಅನ್ನೂದು ಇನ್ನೊಮ್ಮೆ ಅವನಿಂದ ಕಸಗೊಂಡಂಗ. ‘ಬೈಬಲ್ ಕ್ಷಮಿಸು ಅಂತೈತಿ’ ಅಂತ ನೊಂದವರಿಗೆ ತಪ್ಪು ಮಾಡಿದಾಂವನ ಉಪದೇಶ ಮಾಡೂದು ನಾ ಕಂಡದ್ದರಾಗ ಭಾಳ ಕೆಟ್ಟ ರೂಢಿ.

ಏಳನೇದು: ಬಂದದ್ದನ್ನ ತಗೊಳ್ರಿ

ಸಾಹುಕಾರ್ರು ನನ್ನ ಕೆಲಸ ತಗೀಲಿಲ್ಲ, ಗಲ್ಲಾದ ಕೀಲಿ ಮಾತ್ರ ಎರಡು ತಿಂಗಳು ಇಸಗೊಂಡ್ರು. ನಿಮಗ ಕೆಲಸನ ಹೋಗಬಹುದು. ನಾತಾನ ದಾವೀದಗ ಕ್ಷಮಾ ಸಿಕ್ಕೈತಿ ಅಂದ ಮಾತಿನ ಹಿಂದನ ಮುಂದ ಬರೂ ದುಃಖಾನೂ ಹೇಳಿದ. ಕ್ಷಮಾ ಬ್ಯಾರೆ, ಪರಿಣಾಮ ಬ್ಯಾರೆ.

ಎಂಟನೇದು: ನಿಮ್ಮ ಹತ್ರ ಯಾರರ ಒಪ್ಪಿಕೊಳ್ಳಾಕ ಬಂದ್ರ

ಶಿಷ್ಯ ಪೇತ್ರ ಮೂರು ಸಲ ಯೇಸುಸ್ವಾಮಿನ್ನ ಅರಿಯೆ ಅಂದದ್ದು ಇದ್ದಲಿ ಬೆಂಕಿ ಹತ್ರ ನಿಂತಾಗ. ಯೋಹಾನ 21ರಾಗ ಸತ್ತು ಎದ್ದು ಬಂದ ಯೇಸುಸ್ವಾಮಿ ದಂಡಿ ಮ್ಯಾಲ ಮತ್ತ ಇದ್ದಲಿ ಬೆಂಕಿ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟು, ಬಂದು ಊಟ ಮಾಡ್ರಿ ಅಂದ್ರು. ಎಲ್ಲಾರದೂ ನಾಷ್ಟಾ ಆದಮ್ಯಾಲ ‘ನನ್ನ ಮ್ಯಾಲ ಪ್ರೀತಿ ಐತೇನು’ ಅಂತ ಪೇತ್ರಗ ಮೂರು ಸಲ ಕೇಳಿದ್ರು. ನಿಮ್ಮ ಮಗ ಪರೀಕ್ಷಾದಾಗ ಕಾಪಿ ಹೊಡದೆ ಅಂತ ಬಂದು ಹೇಳಿದ್ರ ಮೊದಲು ಕೂಡಿಸಿ ಊಟಕ್ಕ ಹಾಕ್ರಿ. ಬಡದ್ರ ಮುಂದಿನ ಸಲ ಹೇಳೂದಿಲ್ಲ.

ಕಡೀ ಹೆಜ್ಜಿ: ಕೆಲಸದ ರೀತಿ ಬದಲು ಮಾಡ್ರಿ

ಜ್ಞಾನೋಕ್ತಿ 28:13ರಾಗ ಎರಡು ಕ್ರಿಯಾಪದ ಅದಾವು, ಒಪ್ಪಿಕೊಂಡು, ಬಿಟ್ಟುಬಿಡೂದು. ಸ್ನಾನಿಕ ಯೋಹಾನನ ಹತ್ರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ ಅವ ‘ಒಳ್ಳೆಯವರಾಗ್ರಿ’ ಅನ್ನಲಿಲ್ಲ, ಗೊತ್ತು ಮಾಡಿದ್ದಕಿಂತ ಹೆಚ್ಚು ವಸೂಲಿ ಮಾಡಬ್ಯಾಡ್ರಿ ಅಂದ, ಲೂಕ 3:13. ಅವರ ಕೆಲಸದಾಗಿನ ಒಂದು ಬದಲಾವಣೆ, ದಿನಾ ಸಂಜಿಕೆ ಮಾಡಿ ತೋರಸೂವಂಥಾದ್ದು. ನಿಮ್ಮದರಾಗೂ ಅಂಥದ ಒಂದು ಹುಡಕ್ರಿ. ಸಿಟ್ಟಿನ್ಯಾಗ ಮೆಸೇಜ್ ಹಾಕಿ ಜಗಳ ಹಚ್ಚಿದವರು ರಾತ್ರಿ ಹತ್ತರ ಮ್ಯಾಲ ಮೊಬೈಲ್ ಇನ್ನೊಂದು ಖೋಲ್ಯಾಗ ಇಡ್ರಿ, ಅಂಥಾದ್ದು.

ನಮ್ಮ ಅಂಗಡ್ಯಾಗ ಈಗ ಪಟ್ಟಿ ಮಾಡೂ ಮೊದಲು ಚೀಲದ ಎಣಿಕಿ ನಾ ಬಾಯಿಲೇ ಹೇಳ್ತೀನಿ, ಇಳಿಸಿದ ಹಮಾಲರಾಗ ಒಬ್ಬರು ಕೇಳಿ ಹೌದು ಅನ್ನಬೇಕು. ಈ ಸುಗ್ಗಿಗೆ ಹಮಾಲಣ್ಣ ತಿರುಗಿ ನಮ್ಮ ಅಂಗಡಿಗೆ ಬರ್ತಾನ. ನನ್ನ ಕೂಡ ಮಾತು ಇನ್ನೂ ಕಡಿಮಿ. ನಾ ‘ನಲವತ್ತೆರಡು’ ಅಂತೀನಿ. ಅವ ನನ್ನ ಕೈಯಾಗಿನ ಚೀಟಿ ಇಸಗೊಂಡು, ತಿರುವಿ ಹಿಂದ ನೋಡಿ, ‘ಹೌದು, ನಲವತ್ತೆರಡು’ ಅಂತಾನ.